ಹಾಲಿನ ಕ್ಯಾನಿನಲ್ಲಿ ಮೀನಿನ ಬರ್ಫ

ನಮ್ಮ ಮನೆಯಲ್ಲಿ ಬರ್ಫಕ್ಕೂ ಕಾಲಿಗೂ ಸಂಬಂಧ ಹಚ್ಚಿದವರು ಯಾರೂ ಇರಲಿಲ್ಲ. ಬರ್ಫ ಎಂದರೆ ಬೇಸಿಗೆಯಲ್ಲಿ ಗಾಡಿಯವನು ತುರಿದು, ಕೆಂಪು ಬಣ್ಣ ಹೊಯ್ದು ಕೊಡುವ ತಿನಿಸು. ಕಾಲು ಉಳುಕಿದರೆ ಕಾಸಬೇಕು. ಹಂಚಿನ ಮೇಲೆ ಉಪ್ಪು ಹುರಿದು, ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ, ಹಾ ಎಂದು ಕೂಗುವ ತನಕ ಒತ್ತಬೇಕು. ಆಮೇಲೆ ಔಡಲ ಎಲೆಗೆ ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು, ಬಿಸಿಬಿಸಿ ಸುತ್ತಬೇಕು. ನಾನು ಹುಡುಗನಾಗಿದ್ದಾಗ ಹೀಗೆ ಎಷ್ಟೋ ಸಲ ಕಾಸಿಸಿಕೊಂಡಿದ್ದೇನೆ. ಕಾಲು ಕಾಲಿನ ಪಾಡಿಗೆ ವಾಸಿಯಾಗುತ್ತಿತ್ತು, ಹೆಸರು ಉಪ್ಪಿನ ಗಂಟಿಗೆ ಬರುತ್ತಿತ್ತು.

ನನ್ನ ತಂಗಿ ಬಿದ್ದ ಶನಿವಾರ ಸಂಜೆಯೂ ಅದೇ ಆಯಿತು.

ಅವಳು ಸೈಕಲ್ ರೇಸಿನವಳು. ನಮ್ಮ ಜಮಖಂಡಿ ಕಡೆ ಹುಡುಗಿಯರು ರೇಸಿನ ಸೈಕಲ್ ತುಳಿಯುವುದು ಆಗಲೇ ಹೊಸದೇನೂ ಆಗಿರಲಿಲ್ಲ. ನಸುಕಿನಲ್ಲಿ ಮುಧೋಳ ರಸ್ತೆಗೆ ನಿಂತರೆ ಬಗ್ಗಿದ ಬೆನ್ನುಗಳ ಸಾಲು ಸರಕ್ಕೆಂದು ದಾಟುತ್ತಿತ್ತು. ಆ ವರ್ಷ ಕ್ರೀಡಾ ವಸತಿ ನಿಲಯದ ಆಯ್ಕೆ ನಮ್ಮೂರಿನ ರಸ್ತೆಯಲ್ಲೇ ಇತ್ತು. ಆರಿಸಿಕೊಂಡರೆ ಊಟ, ವಸತಿ, ಓದು, ತರಬೇತಿ, ತುಳಿಯಲು ಒಳ್ಳೆಯ ಸೈಕಲ್ಲು ಎಲ್ಲ ಅವರದೇ. ಆದರೆ ವಯಸ್ಸಿನ ಗಡಿ ಇತ್ತು. ತಂಗಿಗೆ ಅದೇ ಕೊನೆಯ ವರ್ಷ. ಮುಂದಿನ ವರ್ಷ ಅವಳು ಎಷ್ಟು ಜೋರಾಗಿ ತುಳಿದರೂ ಯಾರೂ ನೋಡುವವರಿರಲಿಲ್ಲ.

ಆಯ್ಕೆಗೆ ಇನ್ನು ಮೂರು ವಾರ ಎನ್ನುವಾಗ ಹುನ್ನೂರ ಕಡೆ ತಿರುವಿನಲ್ಲಿ ಬಿದ್ದಳು. ಕಬ್ಬಿನ ಹಂಗಾಮು. ಟ್ರ್ಯಾಕ್ಟರಿನಿಂದ ಜಾರಿದ ಕಬ್ಬುಗಳನ್ನು ಹಿಂದಿನ ಗಾಡಿಗಳು ಅರೆದು, ರಸ್ತೆ ರಸದಿಂದ ಅಂಟಂಟಾಗಿತ್ತು. ಸೈಕಲ್ ಒಂದು ಕಡೆ, ಅವಳು ಒಂದು ಕಡೆ, ಬಲಗಾಲಿನ ಹಿಂಬಡ ಇನ್ನೊಂದು ಕಡೆ. ಯಾರೋ ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಬಂದು ಬಿಟ್ಟರು. ನಾನು ಅನಗವಾಡಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ವಾರವೆಲ್ಲ ಬೀಳಗಿಯಲ್ಲಿ ಖೋಲಿ ಹಿಡಿದು ಇರುತ್ತಿದ್ದೆ, ಶನಿವಾರ ಊರಿಗೆ ಬರುತ್ತಿದ್ದೆ. ನಾನು ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅವ್ವ ಉಪ್ಪು ಹುರಿಯುತ್ತಿದ್ದಳು, ಆಯಿ ಅಂದರೆ ನಮ್ಮ ಅಪ್ಪನ ತಾಯಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

"ಚೀರಬ್ಯಾಡ. ನರ ಜಾಗಾಕ್ಕ ಕುಂದ್ರಾಕತ್ತೈತಿ."

"ಆಯಿ, ನರ ಅಲ್ಲ, ಜೀವಾ ಹೊಂಟೈತಿ."

"ಹೋಗಲಿ ತಗೋ. ಸೈಕಲ್ ಮ್ಯಾಲಿಂದ ಹೋಗೂ ಜೀವಾ, ಮನ್ಯಾಗ ಹೋಗತೈತಿ."

ನಾವೆಲ್ಲ ನಕ್ಕೆವು. ಮರುದಿನ ಬೆಳಿಗ್ಗೆ ನಗು ಬರಲಿಲ್ಲ. ಹಿಂಬಡ ಎಲ್ಲಿ, ಮೀನಖಂಡ ಎಲ್ಲಿ ಎಂದು ತಿಳಿಯದ ಹಾಗೆ ಕಾಲು ಬಾತಿತ್ತು. ಚರ್ಮ ಎಳೆದು ಕಟ್ಟಿದಂತೆ ಹೊಳೆಯುತ್ತಿತ್ತು. ಒಳಗೆ ನೀಲಿ ಇಳಿದಿತ್ತು.

ದವಾಖಾನೆಗೆ ಒಯ್ದೆವು. ಎಲುಬು ಮುರಿದಿಲ್ಲ ಎಂದು ಫೋಟೋ ತೆಗೆದು ಹೇಳಿದರು. ಪಟ್ಟಿ ಸುತ್ತಿದರು, ಬರ್ಫ ಇಡಿ ಎಂದರು. ಹೊರಗೆ ಬರುವಾಗ ಅವಳ ಪೀಟಿ ಮಾಸ್ತರು ಸುದ್ದಿ ಕೇಳಿ ಅಲ್ಲಿಗೇ ಬಂದಿದ್ದರು. ಎತ್ತರದ ಮನುಷ್ಯ, ಸಿಟ್ಟು ಬಂದರೆ ದನಿ ಇಳಿಯುತ್ತದೆ. ಕಾಲು ಮುಟ್ಟಿ ನೋಡಿ, ಮೂಗಿನ ಹತ್ತಿರ ಕೈ ತಂದು, ಎಣ್ಣೆ ವಾಸನೆ ಹಿಡಿದರು.

"ಕಾಸೀರೇನು?"

ಅವ್ವ ಸೆರಗು ಸರಿ ಮಾಡಿಕೊಂಡು, "ಹೌದ್ರಿ, ಉಳುಕಿತ್ತಲ್ರಿ" ಎಂದಳು.

"ಅವ್ವಾರ, ಹೊಸಾ ಪೆಟ್ಟು ಇದು. ಒಳಗ ಸಣ್ಣ ಸಣ್ಣ ನರಾ ಹರದು ರಕ್ತ ಸುರೀತಿರತೈತಿ. ಬಿಸಿ ಕೊಟ್ಟರ ಅದಕ್ಕ ಇನ್ನಟು ಬಾಗಲಾ ತಗದಂಗ. ಮೊದಲಿನ ಎರಡ ಮೂರ ದಿನಾ ಕಾಸೂದ ಬ್ಯಾಡ, ತಿಕ್ಕೂದ ಬ್ಯಾಡ. ತಂಪ ಬೇಕ. ಕಾಲ ಎದಿಕಿಂತ ಮ್ಯಾಲ ಇರಬೇಕ." ಆಮೇಲೆ ನನ್ನ ಕಡೆ ತಿರುಗಿ, ಇನ್ನೂ ಸಣ್ಣ ದನಿಯಲ್ಲಿ, "ಮೂರು ವಾರ ಅದಾವ. ಈ ಬಾವು ಇಳೀದಿದ್ರ ಮುಂದಿನ ಮಾತ ಇಲ್ಲ" ಎಂದರು.

ಬರ್ಫ ಎಲ್ಲಿಂದ ತರುವುದು? ಚಳಿಗಾಲ. ಐಸ್‌ಕ್ಯಾಂಡಿಯವರು ದೀಪಾವಳಿಗೇ ಬಾಗಿಲು ಹಾಕಿದ್ದರು. ಓಣಿಯಲ್ಲಿ ಫ್ರಿಜ್ ಇದ್ದದ್ದು ಕಿರಾಣಿ ಅಂಗಡಿಯವರ ಮನೆಯಲ್ಲಿ ಒಂದೇ. ರವಿವಾರ ಅವರು ಒಂದು ತಟ್ಟೆ ಬರ್ಫ ಕೊಟ್ಟರು. ಬಟ್ಟೆಯಲ್ಲಿ ಕಟ್ಟುವ ಹೊತ್ತಿಗೆ ಅರ್ಧ ಕರಗಿತು. ಎರಡನೆಯ ತಟ್ಟೆ ಗಟ್ಟಿಯಾಗುವ ಮೊದಲೇ ಕರೆಂಟು ಹೋಯಿತು, ರಾತ್ರಿಯ ತನಕ ಬರಲಿಲ್ಲ. ಆಯಿ ಮಣ್ಣಿನ ರಂಜಣಿಗೆಯ ತಣ್ಣೀರಿನಲ್ಲಿ ಅರಿವೆ ಅದ್ದಿ ಅದ್ದಿ ಹಾಕಿದಳು. ಬರ್ಫದ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಆದರೆ ತಂಪಿನ ಬಗ್ಗೆ ಒಂದು ನೆನಪಿತ್ತು.

"ನಮ್ಮ ತವರಮನಿ ಚಿಕ್ಕಪಡಸಲಗಿಯಾಗ ಎತ್ತಿನ ಕಾಲ ತಿರುವಿದರ ನಮ್ಮ ಅಪ್ಪ ಹೊಳಿಯಾಗ ನಿಂದ್ರಸತಿದ್ದ. ಆಗ ಈ ಬ್ಯಾರೇಜ ಇರಲಿಲ್ಲ, ನೀರ ಹರೀತಿತ್ತು. ಮೊಣಕಾಲಮಟ ನೀರಾಗ ಹೊತ್ತ ಮುಣಗೂತನಾ ನಿಂದ್ರಸಿ, ತಾನೂ ಬಾಜೂಕ ನಿಂದ್ರತಿದ್ದ."

"ಹಂಗಾರ ನಿನ್ನೆ ನನ್ನ ಯಾಕ ಕಾಸಿದಿ?" ಎಂದಳು ತಂಗಿ.

"ನೀ ಎತ್ತಲ್ಲಲ್ಲ," ಎಂದಳು ಆಯಿ. ಅರಿವೆ ಹಿಂಡುತ್ತ, "ನನಗ ಆಗ ನೆನಪಾಗಲಿಲ್ಲ" ಎಂದಳು.

ಸೋಮವಾರ ಶಾಲೆಯಲ್ಲಿ ಪಾಠ ಮಾಡುತ್ತ ಕಿಟಕಿಯಿಂದ ಹಿನ್ನೀರು ನೋಡುತ್ತಿದ್ದಾಗ ನನಗೆ ಹೊಳೆಯಿತು. ಆಣೆಕಟ್ಟಿನ ನೀರು ಏರಿ ನಿಂತ ಮೇಲೆ ಅನಗವಾಡಿಯ ದಂಡೆಗೆ ಮೀನಿನ ವ್ಯಾಪಾರ ಬಂದಿತ್ತು. ದಿನಾ ಬೆಳಿಗ್ಗೆ ಟೆಂಪೋದಲ್ಲಿ ಬರ್ಫದ ದೊಡ್ಡ ದೊಡ್ಡ ಕಲ್ಲುಗಳು ಇಳಿಯುತ್ತಿದ್ದವು. ಒಡೆದು, ಪೆಟ್ಟಿಗೆಗೆ ಹಾಕಿ, ಮೀನಿನ ಮೇಲೆ ಮೀನು, ಬರ್ಫದ ಮೇಲೆ ಬರ್ಫ ಹೇರಿ ಊರೂರಿಗೆ ಕಳಿಸುತ್ತಿದ್ದರು. ಇಡೀ ಜಿಲ್ಲೆಯಲ್ಲಿ ಆ ಚಳಿಯಲ್ಲಿ ಬರ್ಫ ಬೇಕೆಂದರೆ ಅಲ್ಲೇ ಹೋಗಬೇಕು, ಮತ್ತು ನಾನು ಅಲ್ಲೇ ಇದ್ದೆ.

ಆದರೆ ನಮ್ಮದು ಲಿಂಗ ಕಟ್ಟುವ ಮನೆ. ಮೊಟ್ಟೆಯ ಸಿಪ್ಪೆ ಅಂಗಳಕ್ಕೆ ಬಿದ್ದರೂ ಆಯಿ ಅಂಗಳ ಸಾರಿಸುತ್ತಿದ್ದಳು. ನಾನು ಆ ಲೆಕ್ಕ ಹಾಕುತ್ತ ಕೂಡಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ದಂಡೆಗೆ ಹೋದೆ. ಅಲ್ಲಿಯ ಮೀನಿನ ವ್ಯಾಪಾರಿಯ ಮಗ ನನ್ನ ವರ್ಗದಲ್ಲೇ ಓದುತ್ತಿದ್ದ.

"ಮಾಸ್ತರ, ನೀವು ಮೀನಾ?" ಎಂದು ಆ ವ್ಯಾಪಾರಿ ಎದ್ದೇ ನಿಂತ.

"ಮೀನಲ್ಲಪಾ, ಬರೇ ಬರ್ಫ." ವಿಷಯ ಹೇಳಿದೆ.

ಅವನು ಹಾಲಿನ ಕ್ಯಾನು ತರಲು ಹೇಳಿದ, ಅಗಲ ಬಾಯಿಯ ಪಾತ್ರೆಯಲ್ಲಿ ಬರ್ಫ ಊರು ಮುಟ್ಟುವುದಿಲ್ಲ ಎಂದ. ಮೀನಿನ ಪೆಟ್ಟಿಗೆಯಿಂದಲ್ಲ, ಹೊಸ ಕಲ್ಲಿನಿಂದಲೇ ಒಡೆದು ತುಂಬಿಕೊಟ್ಟ. ಆದರೂ ಒಡೆದ ಜಾಗ ಮೀನಿನದು, ಒಡೆದ ಸುತ್ತಿಗೆ ಮೀನಿನದು. ವಾಸನೆ ಬಂದೇ ಬಂತು. ಶಾಲೆ ಬಿಟ್ಟ ಮೇಲೆ ಬೀಳಗಿಯ ಖೋಲಿಗೆ ಹೋಗಿ ತಂದ ನಮ್ಮ ಮನೆಯ ಕ್ಯಾನು ಅದು. ಅವ್ವ ಅದರಲ್ಲಿ ನನಗೆ ಮಜ್ಜಿಗೆ ಕಳಿಸುತ್ತಿದ್ದಳು. ಒಣಗಿದ ಕಬ್ಬಿನ ಸಿಪ್ಪೆಯನ್ನು ಸುತ್ತಲೂ ತುಂಬಿ, ಗೋಣಿಚೀಲದಲ್ಲಿ ಕಟ್ಟಿ, ಸಂಜೆಯ ಬಸ್ಸು ಹಿಡಿದೆ.

ಆ ಬಸ್ಸಿನಲ್ಲಿ ನಾನು ಕುಳಿತಂತೆ ಯಾರೂ ಕುಳಿತಿರಲಿಕ್ಕಿಲ್ಲ. ಕ್ಯಾನು ತೊಡೆಯ ನಡುವೆ. ಬೀಳಗಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಮುಂದಿನದರ ಹಿಂದೆ ಇನ್ನೊಂದು, ಅದರ ಹಿಂದೆ ನಮ್ಮ ಬಸ್ಸು. ದಾಟಲು ಜಾಗವಿಲ್ಲ. ಒಳಗೆ ಬರ್ಫ ಕುಸಿದು ಕಟ್ ಎಂದಾಗಲೆಲ್ಲ ನನ್ನ ಎದೆ ಕಟ್ ಎನ್ನುತ್ತಿತ್ತು. ಚೀಲದ ತಳದಿಂದ ನೀರು ಹರಿದು ಮುಂದಿನವರ ಚಪ್ಪಲಿಯ ಕಡೆ ಹೊರಟಿತು. ಕಂಡಕ್ಟರು ಬಂದು ಮೂಗು ಏರಿಸಿದ.

"ಮಾಸ್ತರ, ಹಾಲಿನ ಕ್ಯಾನಿನಾಗ ಮೀನ ವಾಸನಿ ಬರಾಕತ್ತೈತಲ್ರಿ. ನಿಮ್ಮ ಎಮ್ಮಿ ಏನ ಮೇಯತೈತಿ?"

ಇಡೀ ಬಸ್ಸು ನಕ್ಕಿತು. ನಾನು ಕ್ಯಾನನ್ನು ಇನ್ನಷ್ಟು ಒತ್ತಿ ಹಿಡಿದೆ.

ಮನೆ ಮುಟ್ಟಿದಾಗ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಹೊಸ್ತಿಲಲ್ಲಿ ಆಯಿ ನಿಂತಿದ್ದಳು. ವಾಸನೆ ನನಗಿಂತ ಮುಂಚೆ ಒಳಗೆ ಹೋಗಿತ್ತು.

"ಎಲ್ಲಿಂದ ತಂದೀ?"

ಸುಳ್ಳು ಹೇಳಲು ದಾರಿಯಿರಲಿಲ್ಲ. ಹೇಳಿದೆ.

"ಇದು ಒಳಗ ಬರೂದಿಲ್ಲ."

"ಆಯಿ, ಇದು ನೀರು. ಗಟ್ಟಿಯಾದ ನೀರು."

"ನೀರಂದ್ರ ಎಲ್ಲಾ ಒಂದ ಏನ? ನಿನ್ನ ಸಾಲಿಯಾಗ ಹಂಗ ಕಲಸ್ತೀರೇನು?"

ನಾನು ಒಳಗೆ ನೋಡಿದೆ. ತಂಗಿ ಗೋಡೆಗೆ ಕಾಲು ಎತ್ತಿ ಮಲಗಿದ್ದಳು. ಅವಳು ಜಗಳ ಮಾಡಿದ್ದರೆ ಒಳ್ಳೆಯದಿತ್ತು. ಬರ್ಫ ನನ್ನ ಕೈಯಲ್ಲಿ ಕರಗುತ್ತಿತ್ತು, ಹನಿ ಹೊಸ್ತಿಲ ಕಲ್ಲಿನ ಮೇಲೆ ಬೀಳುತ್ತಿತ್ತು. ಆಯಿ ಆ ಹನಿ ನೋಡಿದಳು, ಮೊಮ್ಮಗಳ ಕಾಲು ನೋಡಿದಳು.

"ಮನಿಯಾಗ ಬರೂದಿಲ್ಲ ಅಂದೆ. ದನದ ಕೊಟ್ಟಿಗಿ ಮನಿ ಏನ?" ಎಂದಳು. "ಆಕೀನ್ನ ಅಲ್ಲಿ ಒಯ್ರಿ. ಆಮ್ಯಾಲ ಕಾಲ ತೊಳದು ಒಳಗ ಬರಬೇಕ."

ಹೀಗೆ ನನ್ನ ತಂಗಿಯ ಚಿಕಿತ್ಸೆ ದನದ ಕೊಟ್ಟಿಗೆಯಲ್ಲಿ ಶುರುವಾಯಿತು. ಹೊರಸಿನ ಮೇಲೆ ಅವಳು, ಹುಲ್ಲಿನ ಹೊರೆಯ ಮೇಲೆ ಅವಳ ಕಾಲು, ಬಗಲಿಗೆ ಎಮ್ಮೆ. ಅವತ್ತೇ ಇನ್ನೊಂದು ತಪ್ಪು ನಡೆಯಿತು. ಒಂದು ದಿನ ಹಾಳಾಯಿತಲ್ಲ ಎಂಬ ಅವಸರಕ್ಕೆ ಅವಳು ನಾವಿಲ್ಲದಾಗ ಬಟ್ಟೆ ತೆಗೆದು, ಬರ್ಫದ ತುಂಡನ್ನೇ ಚರ್ಮಕ್ಕೆ ಒತ್ತಿಕೊಂಡು, ಅವ್ವ ರೊಟ್ಟಿ ಬಡಿದು ಮುಗಿಸುವ ತನಕ ಹಾಗೇ ಕುಳಿತಿದ್ದಳು. ತೆಗೆದು ನೋಡಿದರೆ ಆ ಜಾಗ ಮೇಣದ ಹಾಗೆ ಬೆಳ್ಳಗಾಗಿತ್ತು. ಬೆಳಿಗ್ಗೆ ಸುಟ್ಟಂತೆ ಕೆಂಪಾಗಿತ್ತು. ಪೀಟಿ ಮಾಸ್ತರು ನೋಡಲು ಬಂದವರು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತರು. ದನಿ ಕೇಳಿಸದಷ್ಟು ಸಣ್ಣದಾಯಿತು.

"ರೊಟ್ಟಿ ಲಗೂ ಬೇಯಲಿ ಅಂತ ಕೆಂಡದಾಗ ತುರುಕತೀಯೇನ? ಬಟ್ಟಿ ನಡುವ ಇರಬೇಕ. ಹದಿನೈದ ಇಪ್ಪತ್ತು ಮಿನಿಟ, ಮುಗೀತು. ತಗದು, ಚರ್ಮ ತನ್ನ ಬಣ್ಣಕ್ಕ ಬರೂತನಾ ಬಿಡಬೇಕ. ಮುಟ್ಟಿದ್ರ ಮುಟ್ಟಿದ್ದು ಗೊತ್ತಾಗಬೇಕ. ಒಂದೆರಡ ತಾಸ ಬಿಟ್ಟು ಮತ್ತ. ಹೆಚ್ಚ ಹಚ್ಚಿದರ ಹೆಚ್ಚ ಆರಾಮ ಅನ್ನೂದ ಇದರಾಗ ಇಲ್ಲ."

"ಇನ್ನ ಮ್ಯಾಲ ನಾ ನೋಡ್ಕೋತೇನ್ರಿ," ಎಂದಳು ಆಯಿ ಬಾಗಿಲಿನಿಂದ. ಎಮ್ಮೆಗೆ ಹೇಳಿದಳೋ ಮಾಸ್ತರರಿಗೆ ಹೇಳಿದಳೋ ತಿಳಿಯದ ಹಾಗೆ ಹೇಳಿದಳು.

ಅಂದಿನಿಂದ ಅವಳು ಕೊಟ್ಟಿಗೆಯ ಹೊರಗೆ ಕಟ್ಟೆಯ ಮೇಲೆ ಕೂಡುವಳು. ಗಡಿಯಾರ ನೋಡಲು ಬಾರದು. ಜಪದ ಮಣಿ ಎಣಿಸುವಳು. ನಾನು ಒಮ್ಮೆ ಗಡಿಯಾರ ಹಿಡಿದು ನೋಡಿದೆ, ಅವಳ ಜಪ ಮುಗಿಯುವುದಕ್ಕೂ ಮಾಸ್ತರರ ಮಿನಿಟಿಗೂ ಬಹಳ ವ್ಯತ್ಯಾಸವಿರಲಿಲ್ಲ. ಮುಗಿದ ಕೂಡಲೇ "ತಗೀ" ಎನ್ನುವಳು. ತಂಗಿ ಇನ್ನೊಂದಿಷ್ಟು ಎಂದರೆ ಕೋಲು ಎತ್ತುವಳು. ಬರ್ಫ ಮಾತ್ರ ಮುಟ್ಟುತ್ತಿರಲಿಲ್ಲ.

ನಾನು ಆ ವಾರ ಖೋಲಿ ಬಿಟ್ಟು ದಿನವೂ ಊರಿಗೆ ಬಂದೆ. ಕಂಡಕ್ಟರು ನನ್ನನ್ನು ನೋಡಿದರೆ ಕಿಟಕಿ ತೆರೆಯುತ್ತಿದ್ದ. ಬಾವು ನಿಧಾನಕ್ಕೆ ಇಳಿಯಿತು, ಕಾಲಗಿಣ್ಣಿನ ಎಲುಬು ಮೊದಲು ಒಂದು ನೆರಳಿನಂತೆ, ಆಮೇಲೆ ಎಲುಬಿನಂತೆಯೇ ಕಂಡಿತು. ಎರಡನೆಯ ವಾರ ಅವಳು ನಡೆದಳು, ಕಾಲಿನ ತುದಿಯಿಂದ ಗಾಳಿಯಲ್ಲಿ ಅಕ್ಷರ ಬರೆದಳು. ಮೂರನೆಯ ವಾರ ಸೈಕಲ್ ಹತ್ತಿದಳು. ತುಳಿದು ಬಂದ ಮೇಲೆ ಕಾಲು ತುಸು ಬಿಸಿಯಾಗಿ, ಬಿಗಿದು ಬರುತ್ತಿತ್ತು. ಆಗ ಮತ್ತೆ ಬರ್ಫ. ಮಾಸ್ತರರು ಒಂದು ಮಾತು ಮಾತ್ರ ಒತ್ತಿ ಒತ್ತಿ ಹೇಳಿದ್ದರು.

"ತುಳದ ಬಂದ ಮ್ಯಾಲ ಹಚ್ಚು. ಹತ್ತೂ ಮೊದಲ ಹಚ್ಚಬ್ಯಾಡ. ಮರಗಟ್ಟಿದ ಕಾಲ ಸುಳ್ಳ ಹೇಳತೈತಿ. ಹರಿಯಾಕತ್ತಿದ್ದೂ ನಿನಗ ಗೊತ್ತಾಗೂದಿಲ್ಲ."

ಕಟ್ಟೆಯ ಮೇಲೆ ಮಣಿ ಸರಿಯುತ್ತಿತ್ತು.

ಆಯ್ಕೆಯ ರವಿವಾರ ಮುಂಜಾನೆ ಮುಧೋಳ ರಸ್ತೆಯಲ್ಲಿ ಮಂಜು ಇನ್ನೂ ಹೊಲದ ಮೇಲಿತ್ತು. ಬೇರೆ ಬೇರೆ ಕಡೆಯ ಹುಡುಗಿಯರು, ಅವರ ಹಿಂದೆ ಅಪ್ಪಂದಿರು, ಕಾಕಾಗಳು. ಗುರುತು ಮಾಡಿದ ಮೈಲಿಗಲ್ಲಿನ ತನಕ ಹೋಗಿ ತಿರುಗಿ ಬರಬೇಕು, ಮೊದಲು ಬಂದ ಆರು ಮಂದಿ ಆಯ್ಕೆ. ಪೀಟಿ ಮಾಸ್ತರರನ್ನು ಅಲ್ಲಿಯ ವ್ಯವಸ್ಥೆಗೆ ಹಾಕಿದ್ದರು, ತಮ್ಮ ಹುಡುಗಿಯ ಹತ್ತಿರ ಬರುವಂತಿರಲಿಲ್ಲ. ನಾನು ಹಿಂದಿನ ದಿನ ತಂದ ಬರ್ಫದ ಕ್ಯಾನು ಹಿಡಿದು ಹೊರಟಾಗ ಆಯಿಯೂ ಟಂಟಂ ಹತ್ತಿದಳು. ರೇಸು ಎಂಬುದನ್ನು ಅವಳು ಅಂದಿನ ತನಕ ಕಂಡಿರಲಿಲ್ಲ.

ತಂಗಿ ಮೈ ಬಿಸಿ ಮಾಡಿಕೊಳ್ಳಲು ಒಂದು ಸುತ್ತು ಹೋಗಿ ಬಂದಳು. ಮುಖ ನೋಡಿಯೇ ತಿಳಿಯಿತು. ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಅಣ್ಣಾ, ಎದ್ದು ನಿಂತು ತುಳದ್ರ ಚುಚ್ಚಾಕತ್ತೈತಿ. ಹತ್ತ ಮಿನಿಟ ಬರ್ಫ ಕೊಡು. ಜುಮ್ಮಂದ್ರ ಸಾಕು. ಹೋಗಿ ಬರ್ತೇನಿ" ಎಂದಳು.

"ಮಾಸ್ತರ ಏನ ಹೇಳ್ಯಾರ?"

"ಮಾಸ್ತರಿಗೆ ಮುಂದಿನ ವರ್ಷಾನೂ ಹುಡುಗ್ಯಾರ ಬರ್ತಾರ. ನನಗ ಮುಂದಿನ ವರ್ಷ ಐತೇನು?"

ಅವಳು ಹೇಳಿದ್ದು ಖರೆ ಇತ್ತು. ಕೈ ತಾನಾಗಿಯೇ ಗೋಣಿಚೀಲದ ಕಡೆ ಹೋಯಿತು. ಕ್ಯಾನಿನ ಮೇಲೆ ಆಯಿ ಕುಳಿತಿದ್ದಳು. ಯಾವಾಗ ಕುಳಿತಳೋ ಕಾಣೆ. ಆ ಕ್ಯಾನನ್ನು ಬೆರಳ ತುದಿಯಿಂದಲೂ ಮುಟ್ಟದವಳು, ಸೆರಗು ಸುತ್ತಿಕೊಂಡು ಅದರ ಮುಚ್ಚಳದ ಮೇಲೆ ಕಲ್ಲಿನ ಹಾಗೆ ಕುಳಿತಿದ್ದಳು.

"ಏಳ ಆಯಿ."

"ಏಳೂದಿಲ್ಲ."

"ನಿನ್ನ ಕಾಲ ಬೀಳ್ತೇನಿ."

"ನನ್ನ ಕಾಲ ಯಾಕ ಬೀಳ್ತಿ? ನಿನ್ನ ಕಾಲ ನೋಡ್ಕೋ."

"ಆಯಿ, ನಿನಗ ತಿಳಿಯೂದಿಲ್ಲ. ಇವತ್ತು ಹೋದ್ರ ಹೋತು."

"ತಿಳೀತೈತಿ. ನೂಸಾಕತ್ತಿದ್ರ ಅದು ಏನೋ ಹೇಳಾಕ ಬಂದೈತಿ. ಅದರ ಬಾಯಾಗ ಬರ್ಫ ತುರುಕಿ ಹೋದ್ರ ದಾರ್ಯಾಗ ಯಾರ ಹೇಳವರು? ಎಷ್ಟ ತಾಳತೈತಿ ಅಷ್ಟ ತುಳಿ. ತಾಳದಿದ್ರ ಇಳಿ. ಬಾ, ಆಮ್ಯಾಲ ನಾ ಕೊಡ್ತೇನಿ."

ಸೀಟಿ ಊದಿ ಕರೆದರು. ತಂಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ನನಗೆ ಮರೆತಿಲ್ಲ. ತಿರುಗಿ ಹೋದಳು.

ಹೋದವರು ಕಬ್ಬಿನ ಹೊಲಗಳ ನಡುವೆ ಮರೆಯಾದ ಮೇಲೆ ಮಾಡಲು ಏನೂ ಇರಲಿಲ್ಲ. ಆಯಿ ಕುಳಿತೇ ಇದ್ದಳು, ಮಣಿ ಕೈಯಲ್ಲಿತ್ತು, ಸರಿಯುತ್ತಿರಲಿಲ್ಲ. ಬಿಸಿಲು ಏರಿತು. ಕೊನೆಗೆ ತಿರುವಿನಲ್ಲಿ ಮೊದಲ ಹೆಗಲು ಕಂಡಿತು, ಅದು ನಮ್ಮದಲ್ಲ. ಅದರ ಹಿಂದೆ ಮೂವರು, ಎಲ್ಲರೂ ಎದ್ದು ನಿಂತು ತುಳಿಯುತ್ತಿದ್ದರು. ಆಮೇಲೆ ಒಬ್ಬಳು. ಆಮೇಲೆ ರಸ್ತೆ ಬರಿದು. ನಾನು ಕಣ್ಣು ಮುಚ್ಚಿದೆ. ತೆರೆದಾಗ ತಂಗಿ ಬರುತ್ತಿದ್ದಳು, ಸೀಟಿನಿಂದ ಏಳದೆ, ಸಣ್ಣ ಗೇರಿನಲ್ಲಿ ಸರಸರ ಕಾಲಾಡಿಸುತ್ತ. ಹಿಂದಿನವಳು ಹತ್ತಿರ ಹತ್ತಿರ ಬರುತ್ತಿದ್ದಳು. ಗೆರೆ ದಾಟುವಾಗ ಇಬ್ಬರ ನಡುವೆ ಒಂದು ಗಾಲಿಯಷ್ಟು ಅಂತರ ಉಳಿದಿತ್ತು.

ಆರನೆಯವಳು. ಅವ್ವನಿಗೆ ಹೇಳಬೇಕೆಂದು ನಾನು ಆಗಲೇ ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ತಂಗಿ ನಗುತ್ತಿರಲಿಲ್ಲ.

"ಬನಹಟ್ಟಿ ಹುಡುಗಿ ನನ್ನ ಮುಂದಿದ್ಲು. ತಿರುವಿನ್ಯಾಗ ಬಿದ್ಲು. ಇಲ್ಲಂದ್ರ ನಾ ಏಳನೇದಾಕಿ," ಎಂದಳು.

ಆ ಹುಡುಗಿಯನ್ನು ಮೋಟರ್ ಸೈಕಲ್ಲಿನ ಮೇಲೆ ಕೂಡಿಸಿಕೊಂಡು ತಂದಿದ್ದರು. ಬೇವಿನ ಗಿಡದ ಕೆಳಗೆ ಅವಳ ಅಪ್ಪ, ಮಗ್ಗದ ಮನುಷ್ಯ, ಜೇಬಿನಿಂದ ಉರಿಯುವ ಮುಲಾಮು ತೆಗೆದು ಮೊಣಕಾಲಿಗೆ ತಿಕ್ಕಲು ಕುಳಿತಿದ್ದ. ಹುಡುಗಿ ಹಲ್ಲು ಕಚ್ಚಿದ್ದಳು. ಆಯಿ ಎದ್ದಳು. ನಾನು ಬರ್ಫ ತಂಗಿಗೆ ಕೊಡುತ್ತಾಳೆಂದುಕೊಂಡೆ. ತಂಗಿ, "ಮೊದಲ ಆಕಿಗಿ" ಎಂದಳು. ಆಯಿ ಆಗಲೇ ಆ ಕಡೆ ನಡೆದಿದ್ದಳು, ಕ್ಯಾನನ್ನು ತಾನೇ ಹೊತ್ತುಕೊಂಡು.

"ತಿಕ್ಕಬ್ಯಾಡೋ ತಮ್ಮಾ. ಹೊಸಾ ಪೆಟ್ಟು. ಬಟ್ಟಿ ಐತೇನು? ಬರ್ಫ ಐತಿ, ಆದ್ರ ಮೊದಲ ಹೇಳ್ತೇನಿ, ಮೀನಿನ ಬರ್ಫ. ನಿಮಗ ನಡೀತೈತೋ ಇಲ್ಲೋ?"

ಅವನು ಅವಳ ಹಣೆಯ ವಿಭೂತಿ ನೋಡಿದ. "ನಿಮಗ ನಡದೈತೇನ್ರಿ ಅಮ್ಮಾರ?"

"ನಮಗ ಕೊಟ್ಟಿಗ್ಯಾಗ ನಡದೈತಿ. ಇಲ್ಲಿ ಬಯಲ ಐತಲ್ಲ."

ಅವನ ಟವೆಲ್ಲಿನಲ್ಲಿ ಅವಳೇ ಬರ್ಫ ಕಟ್ಟಿದಳು, ಬರಿಗೈಯಿಂದ. ಹುಡುಗಿಯ ಕಾಲನ್ನು ಸೈಕಲ್ಲಿನ ಚೀಲದ ಮೇಲೆ ಎತ್ತಿಟ್ಟು, ಮಣಿ ಸರಿಸಲು ಶುರು ಮಾಡಿದಳು. ಇದಾದ ಮೇಲೆ ದವಾಖಾನೆಗೆ ಒಯ್ಯಬೇಕು, ಫೋಟೋ ತೆಗೆಸಬೇಕು ಎಂದೂ ಹೇಳಿದಳು. ಉಳಿದ ಬರ್ಫ ತಂಗಿಗೆ ಸಿಕ್ಕಿತು, ನೀರೇ ಹೆಚ್ಚು. ಆ ಹುಡುಗಿಗೆ ಇನ್ನೊಂದು ವರ್ಷ ವಯಸ್ಸಿದೆ ಎಂದು ಅವರಪ್ಪ ಹೇಳಿದ ಮೇಲೆಯೇ ತಂಗಿ ತನ್ನ ಆರನೆಯ ಸ್ಥಾನಕ್ಕೆ ನಕ್ಕಳು.

ಮನೆಗೆ ಬಂದು ಆಯಿ ಹಿತ್ತಲಲ್ಲೇ ಸ್ನಾನ ಮಾಡಿ ಒಳಗೆ ಹೋದಳು. ಕ್ಯಾನನ್ನು ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ತೊಳೆದಳು. ಆದರೂ ಅದು ಹಾಲಿಗೂ ಮಜ್ಜಿಗೆಗೂ ಮತ್ತೆ ಬರಲಿಲ್ಲ, ಕೊಟ್ಟಿಗೆಯ ಗೂಟಕ್ಕೆ ಏರಿತು. ತಂಗಿ ವಸತಿ ನಿಲಯಕ್ಕೆ ಹೋದಳು. ಮುಂದಿನ ಕಬ್ಬಿನ ಹಂಗಾಮಿನಲ್ಲಿ, ಆಯ್ಕೆ ಹತ್ತಿರ ಬಂದಾಗ, ಬನಹಟ್ಟಿಯ ಆ ಮಗ್ಗದ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದ. ಮಗಳು ಆರಾಮ ಇದ್ದಾಳೆ, ಏನೂ ಆಗಿಲ್ಲ, ಸುಮ್ಮನೆ ಹತ್ತಿರ ಇರಲಿ ಎಂದು ಬಂದೆ ಎಂದ. ಚಹಾ ಕುಡಿದು, ಸಂಕೋಚದಿಂದ ಆಯಿಯ ಕಡೆ ನೋಡಿ, "ಆ ಕ್ಯಾನ ಐತೇನ್ರಿ ಅಮ್ಮಾರ?" ಎಂದು ಕೇಳಿದ.

ಆಯಿ ನನಗೆ ಗೂಟ ತೋರಿಸಿದಳು.